ಗಂಗಾಳ ರಿಲೀವರ್

ಮದುವೆಯಾಗಿ ಎಂಟು ವರ್ಷ ತುಂಬಿದ ಮಂಗಳವಾರ ಬೆಳಿಗ್ಗೆ ಹುಲಿಗೇಶ್ ಹೆಂಡತಿಗೆ ಬಣ್ಣದ ಕಾಗದ ಸುತ್ತಿದ ಉಡುಗೊರೆ ಕೊಟ್ಟ. ಒಳಗೆ ಒಂದು ರಿಜಿಸ್ಟರ್ ಇತ್ತು.

ದಪ್ಪ ರಟ್ಟಿನ, ಇನ್ನೂರು ಹಾಳೆಯ, ಉದ್ದನೆಯ ರಿಜಿಸ್ಟರ್. ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಂದವನು ಇನ್ನೂ ಬೂಟು ಬಿಚ್ಚಿರಲಿಲ್ಲ. ಹುಬ್ಬಿನ ಮೇಲೆ ಅದಿರಿನ ಕೆಂಪು ಧೂಳು ಹಾಗೇ ಕೂತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ.

ಗಂಗಾ ಒಂದು ಕೈಯಲ್ಲಿ ಸೌಟು ಹಿಡಿದೇ ಮೊದಲ ಪುಟ ತೆರೆದಳು. ಸ್ಕೇಲ್ ಇಟ್ಟು ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದಿದ್ದ. ದಿನಾಂಕ, ಸಮಯ, ಕೆಲಸ, ಷರಾ. ಮೇಲೆ ದೊಡ್ಡ ಅಕ್ಷರದಲ್ಲಿ 'ಮನೆ ಲಾಗ್ ಬುಕ್'.

"ಏನ್ರೀ ಇದು?"

"ನಿನ್ನ ತಲ್ಯಾಗ ಏನೇನ್ ಐತಿ ಎಲ್ಲಾ ಇದರಾಗ ಬರಿ. ನಮ್ಮ ಕಂಟ್ರೋಲ್ ರೂಮಿನ್ಯಾಗ ಹಿಂಗ ಮಾಡೋದು. ನೀ ಬರದಿಟ್ರ ನೋಡ್ಕೊಂಡು ನಾವು ಮಾಡ್ತೀವಿ. ನೀ ಆರಾಮ ಬಾದಾಮಿಗೆ ಹೋಗಿ ಬಾ."

ಗಂಗಾ ನಕ್ಕಳು. ಚಂದದ ನಗುವಲ್ಲ ಅದು.

"ಬರಿಯೋರ್ಯಾರು?"

"ನೀನ..."

"ಯಾವಾಗ?"

ಒಲೆಯ ಮೇಲೆ ಸಾಸಿವೆ ಸೀದು ಹೋಯಿತು.

"ಇಷ್ಟು ದಿನ ಎಲ್ಲಾ ನೆನಪಿಡೋ ಕೆಲಸ ಒಂದಿತ್ತು. ಈಗ ಬರಿಯೋ ಕೆಲಸಾನೂ ಕೊಟ್ರಿ. ಭಾಳ ಚಲೋ ಗಿಫ್ಟ್." ಗಂಗಾ ರಿಜಿಸ್ಟರನ್ನು ಫ್ರಿಜ್ ಮೇಲೆ ಒಗೆದಳು. ದಿನವೂ ಅವನು ಒಳಗೆ ಬಂದೊಡನೆ ಸೆರಗಿನ ತುದಿಯಿಂದ ಆ ಹುಬ್ಬಿನ ಧೂಳು ಒರೆಸುತ್ತಿದ್ದಳು. ಅದು ಅವರಿಬ್ಬರ ನಡುವಿನ ಮಾತಿಲ್ಲದ ಮಾತು. ಇವತ್ತು ಒರೆಸಲಿಲ್ಲ.

ವಿಷಯ ಇಷ್ಟು. ಗಂಗಾ ಕಮಲಾಪುರದ ಹತ್ತಿರ ಒಂದು ರೆಸಾರ್ಟಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಲವತ್ತೆರಡು ಕೋಣೆ, ಹನ್ನೊಂದು ಜನ ಕೆಲಸದವರು. ಯಾವ ಕೋಣೆಯ ಗೀಸರ್ ಸೋರುತ್ತಿದೆ, ಯಾವ ಅತಿಥಿಗೆ ಎರಡು ದಿಂಬು ಬೇಕು, ಯಾವ ಹುಡುಗಿಗೆ ನಾಳೆ ರಜೆ, ಎಲ್ಲ ಅವಳ ತಲೆಯಲ್ಲಿ. ಆ ಕೆಲಸಕ್ಕೆ ಅಲ್ಲಿ ಹುದ್ದೆ ಇತ್ತು, ಸಂಬಳ ಇತ್ತು, ವಾರಕ್ಕೊಂದು ರಜೆ ಇತ್ತು, ರಜೆಯ ದಿನ ಅವಳ ಜಾಗದಲ್ಲಿ ಇನ್ನೊಬ್ಬರು ಇರುತ್ತಿದ್ದರು. ಹೊಸಪೇಟೆಯ ಚಿತ್ತವಾಡ್ಗಿಯ ಮನೆಯಲ್ಲಿ ಅದೇ ಕೆಲಸಕ್ಕೆ 'ಗಂಗಾಗ ಎಲ್ಲಾ ಗೊತ್ತಿರತೈತಿ' ಎಂದು ಹೆಸರು.

ರೆಸಾರ್ಟಿನ ಮಾಲೀಕರು ಬಾದಾಮಿಯಲ್ಲಿ ಇನ್ನೊಂದು ತೆರೆದಿದ್ದರು. ಅಲ್ಲಿ ಹದಿನೈದು ದಿನ ಟ್ರೈನಿಂಗ್ ಮುಗಿಸಿ ಬಂದರೆ ಕಮಲಾಪುರದ ಇಡೀ ವಿಭಾಗಕ್ಕೆ ಗಂಗಾಳೇ ಮ್ಯಾನೇಜರ್. ಶುಕ್ರವಾರ ಸಂಜೆಯೊಳಗೆ ಉತ್ತರ ಹೇಳಬೇಕು. ಹೋದ ವರ್ಷವೂ ಕೇಳಿದ್ದರು. ಆಗ ಮಾವ ಹೊನ್ನೂರಸ್ವಾಮಿಗೆ ಸಕ್ಕರೆ ಏರಿ ಕಾಲು ಊದಿತ್ತು, ಇವಳು ಆಗುವುದಿಲ್ಲ ಎಂದಿದ್ದಳು. ಈ ಸಲವೂ ಹಾಗೆಂದರೆ ಮುಂದೆ ಯಾರೂ ಕೇಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

ಸೋಮವಾರ ಈ ಮಾತು ತೆಗೆದಾಗ ಹುಲಿಗೇಶ್ ಕೂಡಲೇ ಹೋಗು ಅಂದಿದ್ದ. ಕೆಟ್ಟವನಲ್ಲ ಅವನು. ಪಾತ್ರೆ ತೊಳೆಯುತ್ತಿದ್ದ, ಬಟ್ಟೆ ಒಣಹಾಕುತ್ತಿದ್ದ, ಓಣಿಯ ಬೇರೆ ಗಂಡಸರಿಗಿಂತ ಎಷ್ಟೋ ವಾಸಿ ಎಂದು ಎಲ್ಲರೂ ಹೊಗಳುವಷ್ಟು ಮಾಡುತ್ತಿದ್ದ. "ನೀ ಹೇಳಿದ್ರ ಮಾಡ್ತೀನಲ್ಲ?" ಎಂಬುದು ಅವನ ಹೆಮ್ಮೆಯ ಮಾತು.

ಆ ಮಾತು ಕೇಳಿದರೆ ಗಂಗಾಳಿಗೆ ಈಗೀಗ ಹಲ್ಲು ಕಡಿಯುವಂತಾಗುತ್ತಿತ್ತು. ಹೇಳುವುದೇ ಅರ್ಧ ಕೆಲಸ. ಮಾವನ ಮಾತ್ರೆ ಪಟ್ಟಿಯಲ್ಲಿ ಎಷ್ಟು ಉಳಿದಿದೆ, ನಲ್ಲಿ ನೀರು ಬಿಡುವ ಮೂಕಣ್ಣ ಈ ವಾರ ಯಾವ ದಿನ ವಾಲ್ ತಿರುಗಿಸುತ್ತಾನೆ, ಅತ್ತೆ ಯಲ್ಲಕ್ಕನ ಸೋಮವಾರದ ಉಪವಾಸಕ್ಕೆ ಸಾಬೂದಾನಿ ಇದೆಯೋ ಇಲ್ಲವೋ, ನಾದಿನಿ ಶಿಲ್ಪಶ್ರೀಯ ಕಾಲೇಜಿನ ಫೀಸು ಕಟ್ಟಲು ಕೊನೆಯ ದಿನ ಯಾವುದು, ಮಗಳು ಲಕ್ಷ್ಮಿಯ ಬೂಟು ಬಿಗಿಯಾಗಿದೆ, ಗ್ಯಾಸು ಅಲ್ಲಾಡಿಸಿದರೆ ಹಗುರ ಅನ್ನಿಸುತ್ತಿದೆ. ಕಮಲಾಪುರದ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಇದೇ ಓಡುತ್ತಿತ್ತು.

ಹಾಗಂತ ಅವನಿಗೆ ಮರೆವು ಎನ್ನಲೂ ಆಗದು. ಸಂಡೂರು ರಸ್ತೆಯ ತನ್ನ ಅದಿರು ಕಾರ್ಖಾನೆಯಲ್ಲಿ ಅರವತ್ತು ಮೋಟಾರುಗಳು ಎಷ್ಟು ಬಿಸಿಯಾದರೆ ನಿಲ್ಲಿಸಬೇಕು ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಮದುವೆಗೆ ಮುಂಚೆ, ವಾರದ ರಜೆ ಬಂದರೆ ಸಾಕು, ಕೆಲಸವಿಲ್ಲದಿದ್ದರೂ ಕಮಲಾಪುರದ ಬಸ್ ಹತ್ತುತ್ತಿದ್ದ. ಅವಳು ಯಾವ ಸೀಟಿನಲ್ಲಿ ಕೂರುತ್ತಾಳೆ, ಯಾವ ಗುರುವಾರ ಬರಲಿಲ್ಲ, ಜ್ವರ ಬಿಟ್ಟು ಬಂದ ದಿನ ಯಾವ ಬಣ್ಣದ ದುಪಟ್ಟಾ, ಎಲ್ಲ ನೆನಪಿತ್ತು. ಮೊದಲ ಸಲ ಮಾತಾಡಿಸಿದಾಗ ಅಂದದ್ದೇ ಅದು: "ನೀವು ಡ್ರೈವರ್ ಹಿಂದಿನ ಎರಡನೇ ಸೀಟು ಬಿಟ್ಟು ಕುಂದ್ರಂಗಿಲ್ಲ. ಕಿಟಕಿ ಕಡೆ. ಇವತ್ಯಾಕ ನಿಂತೀರಿ?"

ಅಂಥ ಹುಡುಗನಿಗೆ ಮರೆವು ಎಲ್ಲಿಂದ ಬರಬೇಕು? ಬೇರೆ ಯಾರೋ ನೆನಪಿಟ್ಟಿರುತ್ತಾರೆ ಎಂಬ ಧೈರ್ಯ ಬಂದಿತ್ತು, ಅಷ್ಟೆ.

ಆ ಮಂಗಳವಾರ ಸಂಜೆ ಗಂಗಾ ಎಲ್ಲರ ಮುಂದೆ ಹೇಳಿದಳು. "ನಾಳೆಯಿಂದ ನಾನೂ ಇವರಂಗ. ಯಾರಾದ್ರೂ ಹೇಳ್ರಿ, ಮಾಡ್ತೀನಿ. ಹೇಳಲಿಲ್ಲಂದ್ರ ನನಗೇನೂ ಗೊತ್ತಿಲ್ಲ."

"ಇದೇನ್ ಹೊಸಾ ಆಟಲೇ?" ಅಂದರು ಯಲ್ಲಕ್ಕ.

"ಆಟ ಅಲ್ರಿ ಅತ್ತಿ. ಸುಸ್ತು."

ಹುಲಿಗೇಶ್ ಕಣ್ಣು ಮಿಟುಕಿಸಿದ. "ಹಂಗಾದ್ರ ಈಗ ಹೇಳ್ತೀನಿ. ಬಂದು ಬಾಜೂಕ ಕುಂದ್ರು."

ಗಂಗಾ ಬಂದು ಕೂತಳು. ಭುಜಕ್ಕೆ ಭುಜ ತಾಗಿತು. ಅವನ ಮುಖ ಅರಳಿತು. "ನಗು," ಅಂದ.

"ಅದು ಹೇಳಿದ್ರ ಬರಂಗಿಲ್ರಿ," ಎಂದು ಎದ್ದು ಹೋದಳು. ಶಿಲ್ಪಶ್ರೀ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು.

ಬುಧವಾರ ಮೂಕಣ್ಣ ವಾಲ್ ತಿರುಗಿಸಿದ. ಒಂದು ತಾಸು ಓಣಿಯಲ್ಲೆಲ್ಲ ಮೋಟಾರು ಗುಯ್‌ಗುಟ್ಟಿದವು. ಇವರ ಮನೆಯದೊಂದು ಸುಮ್ಮನಿತ್ತು. ಸ್ನಾನಕ್ಕೆ ಹೋದ ಯಲ್ಲಕ್ಕ ಒಳಗಿನಿಂದಲೇ ಕೂಗಿದರು.

"ಗಂಗಾ, ನೀರು ಬಂದು ಹೋತಲ್ಲೇ!"

"ಹೌದ್ರಿ? ನನಗ್ಯಾರೂ ಹೇಳಲೇ ಇಲ್ಲ."

ಮಾವನ ಮಾತ್ರೆಯೊಂದನ್ನು ಮಾತ್ರ ಅವಳು ಬಿಡಲಿಲ್ಲ. ಹಟಕ್ಕೂ ಒಂದು ಮಿತಿ ಇರಬೇಕು. ಉಳಿದದ್ದೆಲ್ಲ ಬಿದ್ದಲ್ಲಿ ಬಿತ್ತು. ಹೆಪ್ಪು ಹಾಕಿ ಎಂದು ಯಾರೂ ಹೇಳದೆ ಹಾಲು ಹಾಲಾಗಿಯೇ ಉಳಿಯಿತು. ಕಂಪ್ಲಿಯಲ್ಲಿ ಹುಲಿಗೇಶನ ಸೋದರಮಾವನ ಮನೆಯ ಗೃಹಪ್ರವೇಶ ಬಂದು ಹೋಯಿತು, ಯಾರೂ ಹೋಗಲಿಲ್ಲ. ಕಂಪ್ಲಿಯಿಂದ ಫೋನಿನಲ್ಲಿ ಬೈಗುಳ ಬಂತು. ಗಂಗಾ ಬೈಗುಳ ಕೇಳಿಸಿಕೊಂಡು, "ನಿಮ್ಮ ಅಳಿಯಗ ಕೊಡ್ತೀನಿ ತಡೀರಿ," ಎಂದು ಫೋನನ್ನು ಹುಲಿಗೇಶನ ಕಿವಿಗೆ ಇಟ್ಟಳು.

ನೋವಾದದ್ದು ಗುರುವಾರ.

ಬುಧವಾರ ಸಂಜೆ ಲಕ್ಷ್ಮಿ, ಪಾಳಿಗೆ ಹೊರಟಿದ್ದ ಅಪ್ಪನ ಬೆಲ್ಟ್ ಹಿಡಿದು, "ಅಪ್ಪ, ನಾಳೆ ಸಾಲ್ಯಾಗ ಯೆಲ್ಲೋ ಡೇ. ಹಳದಿ ಅಂಗಿ ಹಾಕ್ಕೊಂಡು ಬರಬೇಕಂತ," ಎಂದಿದ್ದಳು. "ಆಯ್ತು ಪುಟ್ಟಿ," ಎಂದು ಅವನು ಹೊರಟುಹೋಗಿದ್ದ. ಗಂಗಾ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಿದ್ದಳು. ಹಳದಿ ಫ್ರಾಕು ಟ್ರಂಕಿನಲ್ಲಿ, ಮೇಲಿನಿಂದ ಮೂರನೆಯದು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ. ಮರುದಿನ ರೆಸಾರ್ಟಿನಲ್ಲಿ ಹಳದಿ ಟವೆಲ್ ಮಡಚುವಾಗಲೆಲ್ಲ ಅವಳಿಗೆ ಆ ಫ್ರಾಕೇ ಕಾಣುತ್ತಿತ್ತು.

ನಾಲ್ಕು ಗಂಟೆಗೆ ಮನೆಗೆ ಬಂದಾಗ ಲಕ್ಷ್ಮಿ ನೀಲಿ ಯೂನಿಫಾರಮ್ಮಿನಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ಆಗಷ್ಟೇ ಎದ್ದ ಹುಲಿಗೇಶ್ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಸಮಾಧಾನ ಮಾಡುತ್ತಿದ್ದ.

"ಎಲ್ಲಾರೂ ಹಳದಿ. ನಾನೊಬ್ಬಾಕಿ ನೀಲಿ."

"ತಪ್ಪಾತು ಪುಟ್ಟಿ. ನೀ ಅವ್ವಗ ಒಂದ್ ಮಾತು ಹೇಳಬೇಕಿತ್ತಲ್ಲ?"

ಮಗು ಅವನ ಮುಖವನ್ನು ನೇರ ನೋಡಿತು. "ನಿನಗ ಹೇಳಿದ್ರ ಹೇಳಿದಂಗ ಅಲ್ಲೇನಪ್ಪ?"

ಹುಲಿಗೇಶ್ ತಲೆ ಎತ್ತಿದ. ಬಾಗಿಲಲ್ಲಿ ಗಂಗಾ ನಿಂತಿದ್ದಳು. ಅವಳು ಗೆದ್ದ ಮುಖ ಮಾಡಿಕೊಂಡು ನಿಂತಿರಲಿಲ್ಲ.

ಆಮೇಲೆ ಅವನು ಮಾಳಿಗೆಗೆ ಹೋದ. ಗಂಗಾ ಎರಡು ಲೋಟ ಚಹಾ ಹಿಡಿದು ಹಿಂದೆಯೇ ಹೋದಳು. ದೂರದಲ್ಲಿ ಜಂಬುನಾಥನ ಗುಡ್ಡ ಸಂಜೆ ಬಿಸಿಲಿಗೆ ಕೆಂಪಾಗಿತ್ತು.

"ಒಂದು ಕೇಳಲಾ?" ಅಂದಳು. "ನಿಮ್ಮ ಪಾಳಿ ಮುಗಿದ ಮ್ಯಾಗ ಏನ್ ಮಾಡ್ತೀರಿ?"

"ಲಾಗ್ ಬುಕ್ ಬರೀತೀನಿ."

"ಮುಂದಿನವ ಅದನ್ನ ಓದಿ ಕೆಲಸಕ್ಕ ಕುಂದ್ರತಾನ?"

"ಇಲ್ಲ. ಬರೇ ಓದಿದ್ರ ನಡಿಯಂಗಿಲ್ಲ. ಅವನ ಖುದ್ದು ರೌಂಡ್ ಹೋಗ್ಬೇಕು. ಒಂದೊಂದು ಮೋಟಾರ್ ಮುಟ್ಟಿ, ಸಪ್ಪಳ ಕೇಳಿ, ವಾಪಸ್ ಬಂದು ಸೈನ್ ಹಾಕಿ 'ಚಾರ್ಜ್ ತಗೊಂಡೆ' ಅನ್ನಬೇಕು. ಅಲ್ಲೀತನ ನಾ ಗೇಟ್ ದಾಟಂಗಿಲ್ಲ."

"ರಿಲೀವರ್ ಬರಲಿಲ್ಲಂದ್ರ?"

"ಡಬಲ್ ಶಿಫ್ಟ್. ಮತ್ತೇನ್ ಮಾಡೋದು?" ಎನ್ನುತ್ತಲೇ ಅವನ ದನಿ ನಿಧಾನವಾಯಿತು. ಬೇಸಿಗೆಯಲ್ಲಿ ಒಮ್ಮೆ ರಿಲೀವರ್ ಬಾರದೆ ಹದಿನಾರು ತಾಸು ಕೂತು ಬಂದು, ಆ ಮನುಷ್ಯನ ಏಳು ತಲೆಮಾರನ್ನು ಬೈದಿದ್ದ. ಆ ದಿನ ಅವನ ತಲೆಗೆ ಎಣ್ಣೆ ತಿಕ್ಕಿದವಳು ಗಂಗಾ.

"ನಾ ಎಂಟು ವರ್ಷದಿಂದ ಗೇಟ್ ದಾಟಿಲ್ರಿ," ಎಂದಳು. "ನನ್ನ ರಿಲೀವರ್ ಬಂದಿಲ್ಲ. ನಾ ಯಾರನ್ನ ಬೈಲಿ?"

ಚಹಾದ ಮೇಲೆ ಕೆನೆ ಕಟ್ಟಿತು.

"ಹೆಲ್ಪ್ ಮಾಡೋರು ಬ್ಯಾಡ ನನಗ. ಹೆಲ್ಪ್ ಮಾಡೋರಿಗೂ ನಾನ ಕೆಲಸ ಹಂಚಬೇಕು. ಚಾರ್ಜ್ ತಗೊಳ್ಳೋರು ಬೇಕು. ಆಗಂಗಿಲ್ಲಂದ್ರ ಈಗ ಹೇಳಿಬಿಡ್ರಿ. ಆದ್ರ ಬಾದಾಮಿಗಂತೂ ನಾ ಹೋಗಾಕಿನ. ಮನಿ ಬಿದ್ರ ಬೀಳ್ಳಿ."

ಅವನು ಲೋಟ ಕೆಳಗಿಟ್ಟು ಎದ್ದ. ಅವಳ ಕೈ ಹಿಡಿಯಲಿಲ್ಲ, ಕ್ಷಮೆ ಕೇಳಲಿಲ್ಲ. ಸೀದಾ ಕೆಳಗೆ ಹೋಗಿ ಫ್ರಿಜ್ ಮೇಲಿನ ರಿಜಿಸ್ಟರ್ ತೆಗೆದು, ಧೂಳು ಜಾಡಿಸಿ, ಜೇಬಿನಿಂದ ಪೆನ್ನು ತೆಗೆದ. ಗಂಗಾಳಿಗೆ ಅವನ ಮೇಲೆ ಆಸೆ ಉಕ್ಕಿದ್ದು ಆ ಕ್ಷಣದಲ್ಲಿ, ಎಷ್ಟೋ ದಿನಗಳ ನಂತರ. ಪೆನ್ನು ಹಿಡಿದ ಗಂಡಸು ಇಷ್ಟು ಚಂದ ಕಾಣಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ರೌಂಡ್ ಶುರುವಾಯಿತು.

ಅವನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒಂದೊಂದನ್ನೇ ಅಲ್ಲಾಡಿಸಿ ಕೇಳಿದ. ಗ್ಯಾಸ್ ಸಿಲಿಂಡರನ್ನು ಎತ್ತಿ ತೂಗಿದ. ಅಪ್ಪನ ಮಾತ್ರೆ ಪಟ್ಟಿಗಳನ್ನು ಹಾಸಿಗೆಯ ಮೇಲೆ ಹರಡಿ ಹಿಂಬದಿಯ ಸಣ್ಣ ಅಕ್ಷರ ಓದಿದ. ಮೂಕಣ್ಣನ ಮನೆಗೆ ಹೋಗಿ ನೀರಿನ ದಿನ ಕೇಳಿ ಬಂದ. ಶುಕ್ರವಾರ ಬೆಳಿಗ್ಗೆ ಶಾಲೆಗೇ ಹೋಗಿ, ವಾಟ್ಸಾಪ್ ಗುಂಪಿನಲ್ಲಿ ತನ್ನ ನಂಬರ್ ಸೇರಿಸಿ ಎಂದು ಟೀಚರಿಗೆ ಹೇಳಿದ. ಆ ಗುಂಪಿನಲ್ಲಿ ಅವನೊಬ್ಬನೇ ಅಪ್ಪ.

ಶಿಲ್ಪಶ್ರೀ ಬಂದು, "ಅಣ್ಣ, ಅತ್ತಿಗಿ ಎಲ್ಲಿ? ನನ್ನ ಫೀಸಿನ ಕೊನೇ ದಿನ ಯಾವುದು ಕೇಳಬೇಕಿತ್ತು," ಎಂದಳು.

"ನಿನಗ ಇಪ್ಪತ್ತು ವರ್ಷ. ನಿನ್ನ ಡೇಟು ನೀನ ಇಟ್ಕೋ. ಅದನ್ನ ನಾನೂ ಬರ್ಕೊಳ್ಳಂಗಿಲ್ಲ."

ಗಂಗಾ ಕಟ್ಟೆಯ ಮೇಲೆ ಕೂತು ವಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನುತ್ತಾ ಎಲ್ಲ ನೋಡುತ್ತಿದ್ದಳು. ಮೂರು ಸಲ ಅವನು ಡಬ್ಬಿ ಹಿಡಿದು ಅವಳ ಕಡೆ ತಿರುಗಿದ, ಮೂರು ಸಲವೂ ಕೇಳದೆ ವಾಪಸ್ಸಾದ. ನಾಲ್ಕನೆಯ ಸಲ ಸೋತ.

"ಇದು ಓಂಕಾಳೋ ಜೀರಗಿಯೋ, ಇಷ್ಟು ಹೇಳು."

"ನಾ ಗೆಸ್ಟ್ ರೀ. ರಿಸೆಪ್ಷನ್ನಿನ್ಯಾಗ ಕೇಳ್ರಿ."

ಅವನು ಒಂದು ಕಾಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. "ಓಂಕಾಳು." ಬರೆದುಕೊಂಡ. ಗಂಗಾ ಮಿರ್ಚಿಯ ಖಾರಕ್ಕೋ ಏನಕ್ಕೋ ಕೆಂಪಾದಳು.

ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದ. ಕೈಯಲ್ಲಿ ಒಂದು ಖಾಲಿ ಮಾತ್ರೆ ಪಟ್ಟಿ. ಉಪ್ಪಿನ ಡಬ್ಬಿಯ ಹಿಂದೆ ಸಿಕ್ಕಿತ್ತು.

"ಇದ್ಯಾರ್ದು? ಅಪ್ಪಂದಲ್ಲ, ಅವ್ವಂದೂ ಅಲ್ಲ."

ಗಂಗಾ ನೋಡಿದಳು. "ನಂದು. ಥೈರಾಯ್ಡಿಂದು."

"ಯಾವಾಗ ಮುಗೀತು?"

ಅವಳು ನೆನಪಿಸಿಕೊಳ್ಳಲು ನೋಡಿದಳು. ಮಾವನದು ಹನ್ನೆರಡು ಉಳಿದಿವೆ, ಅತ್ತೆಯ ಮೊಣಕಾಲಿನ ಮುಲಾಮು ಅರ್ಧ ಇದೆ, ಮಗಳ ಕೆಮ್ಮಿನ ಔಷಧಿ ಹೋದ ತಿಂಗಳು ತಂದದ್ದು. ತನ್ನದು? "ಗೊತ್ತಿಲ್ರಿ," ಎಂದಳು. ಹೇಳುವಾಗ ನಾಚಿಕೆಯಾಯಿತು.

"ಹಂಗಾದ್ರ ನಿನಗೂ ಗೊತ್ತಿಲ್ಲದ್ದು ಒಂದೈತಿ ಈ ಮನ್ಯಾಗ." ಅವನು ನಗಿಸಲು ನೋಡಿದ. ಚಪ್ಪಲಿ ಮೆಟ್ಟಿ ಔಷಧಿ ಅಂಗಡಿಗೆ ಹೋದ. ಹೋಗುವ ಮುಂಚೆ ರಿಜಿಸ್ಟರಿನಲ್ಲಿ ಬರೆದದ್ದನ್ನು ಗಂಗಾ ಆಮೇಲೆ ನೋಡಿದಳು. ಮೊದಲ ಪುಟ, ಮೊದಲ ಸಾಲು, ಉಳಿದೆಲ್ಲದರ ಮೇಲೆ ಒತ್ತಿ ತುರುಕಿದ ಅಕ್ಷರ: 'ಬೆಳಿಗ್ಗೆ ಆರು. ಗಂಗಾಳ ಮಾತ್ರೆ. ಖಾಲಿ ಹೊಟ್ಟೆ.' ಷರಾ ಕಾಲಂನಲ್ಲಿ 'ನನ್ನ ತಪ್ಪು'.

ಶುಕ್ರವಾರ ಸಂಜೆ ಯಲ್ಲಕ್ಕ ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟರು. "ಹದಿನೈದು ದಿನ ಹೆಣ್ಮಗಳು ಮನಿ ಬಿಟ್ಟು ಹೋಗ್ತಾಳಂದ್ರ ಓಣ್ಯಾಗ ಏನಂತಾರ? ದುಡದು ಬಂದ ನನ್ನ ಮಗ ಸೊಪ್ಪು ಸೋಸ್ಕೋತ ಕುಂದ್ರಬೇಕಾ?"

"ಸೊಪ್ಪು ನಾ ಮೊದಲಿಂದ ಸೋಸ್ತೀನಲ್ಲವ್ವ," ಅಂದ ಹುಲಿಗೇಶ್. "ಸೊಪ್ಪು ತರಬೇಕು ಅನ್ನೋದು ನನ್ನ ತಲಿಗೆ ಬರ್ತಿದ್ದಿಲ್ಲ. ಈಗ ಬಂದೈತಿ."

"ನಾ ನಲವತ್ತು ವರ್ಷ ಎಲ್ಲಾ ತಲ್ಯಾಗ ಇಟ್ಕೊಂಡು ಮಾಡ್ಲಿಲ್ಲೇನು?"

"ಮಾಡೀರಿ ಅತ್ತಿ," ಗಂಗಾ ಅಂದಳು. "ನಿಮಗ ಯಾರೂ ರಿಲೀವರ್ ಬರಲಿಲ್ಲ. ನಾ ಬಂದ ಮ್ಯಾಗ ನೀವು ಗೇಟ್ ದಾಟಿದ್ರಿ. ನಾ ಲಕ್ಷ್ಮಿ ದೊಡ್ಡಾಕಿ ಆಗೋತನ ಕಾಯಂಗಿಲ್ಲ." ಅತ್ತೆಯ ಎದುರಿಗೇ ಫೋನ್ ತೆಗೆದು ರೆಸಾರ್ಟಿನ ಮ್ಯಾನೇಜರಿಗೆ ಮೆಸೇಜು ಮಾಡಿದಳು: 'ಬರ್ತೀನಿ ಸರ್.' "ಓಣ್ಯಾಗ ಯಾರಾದ್ರೂ ಕೇಳಿದ್ರ ನನ್ನ ನಂಬರ್ ಕೊಡ್ರಿ. ನಾನ ಉತ್ತರ ಹೇಳ್ತೀನಿ."

ಯಲ್ಲಕ್ಕ ಮುಖ ತಿರುಗಿಸಿ ಕೂತರು. ಒಂದು ವಾರ ಹಾಗೇ ಇದ್ದರು. ಅದೇನೂ ಬದಲಾಗಲಿಲ್ಲ. ಆದರೆ ಆ ವಾರ ಮೂಕಣ್ಣ ವಾಲ್ ತಿರುಗಿಸಿದ ದಿನ, ಮಗ ಪಾಳಿಯಿಂದ ಬರುವುದು ತಡವಾದಾಗ, ಯಾರೂ ಹೇಳದೆ ಮೋಟಾರಿನ ಸ್ವಿಚ್ ಒತ್ತಿದವರು ಕುಂಟುತ್ತಾ ಹೋದ ಹೊನ್ನೂರಸ್ವಾಮಿ.

ಮುಂದಿನ ಶನಿವಾರ ಬೆಳಿಗ್ಗೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹುಲಿಗೇಶ್ ರಿಜಿಸ್ಟರ್ ಬಗಲಿಗೆ ಇಟ್ಟುಕೊಂಡೇ ನಿಂತಿದ್ದ. ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದ. ಹುಬ್ಬಿನಲ್ಲಿ ಅದೇ ಕೆಂಪು ಧೂಳು.

"ಸೈನ್ ಹಾಕು," ಎಂದು ರಿಜಿಸ್ಟರ್ ಚಾಚಿದ. "ಹ್ಯಾಂಡ್ ಓವರ್ ಆಗದ ನಿನ್ನ ಬಿಡಂಗಿಲ್ಲ."

ಗಂಗಾ ಪುಟ ತಿರುವಿದಳು. ಹದಿನೈದು ದಿನದ್ದೂ ಬರೆದಿದ್ದ. ಅವನ ಕೋಳಿಕಾಲಿನ ಅಕ್ಷರದಲ್ಲಿ ಅವಳ ಎಂಟು ವರ್ಷದ ತಲೆನೋವು ಸಾಲುಸಾಲಾಗಿ ಕೂತಿತ್ತು. ಸಾಬೂದಾನಿ ಇತ್ತು, ಗ್ಯಾಸಿತ್ತು, ಲಕ್ಷ್ಮಿಯ ಹೊಸ ಬೂಟಿನ ನಂಬರೂ ಇತ್ತು. ಓದುತ್ತಾ ಓದುತ್ತಾ ಅವಳ ಬೆರಳು ಶನಿವಾರದ ಸಾಲಿನಲ್ಲಿ ನಿಂತಿತು. ಭಾನುವಾರ ಆ ಮನೆಯಲ್ಲಿ ಇಡ್ಲಿ. ಅದಕ್ಕೆ ಶನಿವಾರ ಮಧ್ಯಾಹ್ನವೇ ಉದ್ದಿನಬೇಳೆ ನೆನೆಹಾಕಬೇಕು. ಭಾನುವಾರದ ಸಾಲಿನಲ್ಲಿ ಇಡ್ಲಿ ಇತ್ತು. ಶನಿವಾರದ ಸಾಲಿನಲ್ಲಿ ಉದ್ದು ಇರಲಿಲ್ಲ.

ಪೆನ್ನು ಅವಳ ಕೈಯಲ್ಲೇ ಇತ್ತು. ಎರಡು ಪದ ಬರೆದರೆ ಸಾಕಿತ್ತು.

"ಏನಾರ ಬಿಟ್ಟೈತಾ?" ಹುಲಿಗೇಶ್ ಅವಳ ಮುಖವನ್ನೇ ನೋಡುತ್ತಿದ್ದ.

ಗಂಗಾ ಸೈನ್ ಹಾಕಿದಳು. "ರೌಂಡ್ ಹೋದೋರು ನೀವು. ನನ್ನನ್ನ ಕೇಳ್ತೀರಲ್ಲ?"

ಅವನು ಕೆಳಗೆ ತನ್ನ ಸಹಿ ಗೀಚಿ, ಕಾರ್ಖಾನೆಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತ. "ಚಾರ್ಜ್ ತಗೊಂಡೆ. ನೀ ಗೇಟ್ ದಾಟು."

ಬಸ್ ಸ್ಟ್ಯಾಂಡಿನಲ್ಲಿ ನೂರು ಜನರಿದ್ದರು. ಗಂಗಾ ಸೆರಗಿನ ತುದಿ ಹಿಡಿದು, ಯಾರು ನೋಡುತ್ತಾರೆಂದು ನೋಡದೆ, ಅವನ ಎರಡೂ ಹುಬ್ಬು ಒರೆಸಿದಳು. ನಿಧಾನವಾಗಿ, ಒಂದೊಂದಾಗಿ. ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ.

"ಹದಿನೈದು ದಿನದ್ದು ಒಮ್ಮೆಲೇ ಒರಸಬ್ಯಾಡ. ಸ್ವಲ್ಪ ಉಳಸು," ಅಂದ.

ಬಸ್ಸು ಹೊರಟು ಟಿ.ಬಿ. ಡ್ಯಾಂ ದಾಟುವಷ್ಟರಲ್ಲಿ ಫೋನ್ ರಿಂಗಾಯಿತು. ಹುಲಿಗೇಶ್. ಇಷ್ಟು ಬೇಗನಾ?

"ಏನ್ ಮರ್ತ್ರಿ? ಏನ್ ಸಿಗವಲ್ದು?"

"ಎಲ್ಲಾ ಸಿಕ್ಕೈತಿ. ಮನಿ ಸುದ್ದಿ ನೀ ಕೇಳೂ ಬ್ಯಾಡ." ಒಂದು ಕ್ಷಣ ಬಿಟ್ಟು ಅವನ ದನಿ ಇಳಿಯಿತು, ಮದುವೆಗೆ ಮುಂಚಿನ ಬಸ್ಸಿನ ಹುಡುಗನ ದನಿಯಂತೆ. "ಡ್ರೈವರ್ ಹಿಂದಿನ ಎರಡನೇ ಸೀಟು, ಕಿಟಕಿ ಕಡೇದು ಸಿಕ್ತಾ? ಅಷ್ಟ ಕೇಳಾಕ ಮಾಡ್ದೆ."

ಗಂಗಾ ಅದೇ ಸೀಟಿನಲ್ಲಿ ಕೂತಿದ್ದಳು. ಕಿಟಕಿಯಾಚೆ ನೀರು ಬೆಳ್ಳಗೆ ಹರಡಿತ್ತು. ಉದ್ದಿನಬೇಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿದಳು.

"ಸಿಕ್ಕೈತಿ," ಎಂದಳು. "ನನಗ ನೀವು ಭಾಳ ನೆನಪಾಗ್ತೀರಿ. ಈಗ ಇಡ್ರಿ."

ಫೋನನ್ನು ಚೀಲದ ತಳಕ್ಕೆ ಹಾಕಿ ಜಿಪ್ ಎಳೆದಳು. ನಾಳೆ ಬೆಳಿಗ್ಗೆ ಚಿತ್ತವಾಡ್ಗಿಯ ಆ ಮನೆಯಲ್ಲಿ ಇಡ್ಲಿ ಆಗುವುದಿಲ್ಲ.

ಆಗದಿದ್ದರೆ ಆಗದಿರಲಿ.